ಲಾಕ್ ಆದ ಫೋನಿನಲ್ಲಿ ‘ಪುಟ್ಯಾ’ ಅಂದ್ರೆ ಯಾರು? ತುರ್ತು ನಂಬರ್ ಫೀಚರ್ ಬಗ್ಗೆ ನನ್ನ ರಿವ್ಯೂ

ಅಪ್ಪನ ಫೋನಿಗೆ ಈಗ ಮೂರು ವರ್ಷ. ಕ್ಯಾಮೆರಾ, ಬ್ಯಾಟರಿ ಬಗ್ಗೆ ನಾನೇನೂ ಬರೆಯಲ್ಲ, ಅದನ್ನ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಹೇಳ್ತಿರೋದು ಲಾಕ್ ಸ್ಕ್ರೀನಿನ ಮೂಲೆಯಲ್ಲಿ ಸಣ್ಣಗೆ ‘ತುರ್ತು ಕರೆ’ ಅಂತ ಇರುತ್ತಲ್ಲ, ಅದರ ಬಗ್ಗೆ. ಅಲ್ಲಿ ಒತ್ತಿದರೆ ಪಾಸ್‌ವರ್ಡ್ ಇಲ್ಲದೆಯೇ ರಕ್ತದ ಗುಂಪು, ಕಾಯಿಲೆ, ಮಾತ್ರೆ, ಮನೆಯವರ ನಂಬರ್ ಎಲ್ಲ ಕಾಣುತ್ತೆ, ಅಲ್ಲಿಂದಲೇ ಫೋನೂ ಮಾಡಬಹುದು. ಫೋನ್ ತಗೊಂಡ ದಿನವೇ ಎಲ್ಲ ತುಂಬಿ ಕೊಟ್ಟಿದ್ದೆ. ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ.

ಮೇ ತಿಂಗಳ ಕಲಬುರಗಿ ಬಿಸಿಲು ಗೊತ್ತಲ್ಲ. ಸೂಪರ್ ಮಾರ್ಕೆಟ್‌ಗೆ ಹೋಗಿದ್ದ ಅಪ್ಪ ತಲೆ ಸುತ್ತಿ ಕಬ್ಬಿನ ಹಾಲಿನ ಬಂಡಿ ಪಕ್ಕ ಕುಸಿದರು. ಬಂಡಿಯವನು ಜಾಣ. ಮೊದಲು 108ಕ್ಕೆ ಫೋನ್ ಮಾಡಿ, ಆಮೇಲೆ ಅಪ್ಪನ ಜೇಬಿನಿಂದ ಫೋನ್ ತೆಗೆದು ಆ ಮೂಲೆ ಒತ್ತಿದ. ಮೂರು ಹೆಸರು ಬಂದವು. ಮೊದಲನೆಯದು ‘ಪುಟ್ಯಾ’, ಅಂದ್ರೆ ನಾನು. ಆದರೆ ಅದು ಒಂದು ವರ್ಷದ ಹಿಂದೆ ನಾನು ಬಿಟ್ಟ ನಂಬರ್. ಬಿಟ್ಟ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು ಅಂತ ನನಗೆ ಗೊತ್ತಾಗಿದ್ದೇ ಆಮೇಲೆ. ಯಾರೋ ಹೆಂಗಸು ಎತ್ತಿ, ಇಲ್ಲಿ ಯಾವ ಪುಟ್ಯಾನೂ ಇಲ್ಲ ಅಂತ ಇಟ್ಟುಬಿಟ್ಟರಂತೆ. ಎರಡನೆಯದು 08472 ಅಂತ ಶುರುವಾಗೋ ಮನೆ ಲ್ಯಾಂಡ್‌ಲೈನ್, ಅದರ ವೈರೇ ಈಗ ಇಲ್ಲ. ಮೂರನೆಯದು ಶಹಾಬಾದಿನ ಮಾವನದು. ಅವರು ಎತ್ತಿ, ನನಗೆ ತಿಳಿಸಿ, ನಾನು ಆಸ್ಪತ್ರೆ ಮುಟ್ಟೋ ಹೊತ್ತಿಗೆ ಅಪ್ಪನಿಗೆ ಸಲೈನ್ ಹಾಕಿಯಾಗಿತ್ತು. ಏನು ಮಾತ್ರೆ ತಗೋತಾರೆ ಅಂತ ಡಾಕ್ಟರ್ ಕೇಳಿದರು. ಫೋನಿನಲ್ಲಿ ಬಿಪಿ ಮಾತ್ರೆ ಒಂದೇ ಇತ್ತು. ಶುಗರ್ ಮಾತ್ರೆ ಹೋದ ವರ್ಷ ಶುರುವಾಗಿದ್ದು, ಯಾರು ಬರೆಯಬೇಕು?

ನನ್ನ ಹೊಸ ನಂಬರ್ ಅಪ್ಪನ ಹತ್ರ ಇರಲಿಲ್ಲ ಅಂತಲ್ಲ. ‘ಪುಟ್ಯಾ ಹೊಸದು’ ಅಂತ ಬೇರೆ ಸೇವ್ ಮಾಡಿದ್ದರು, ನಾವೆಲ್ಲ ಮಾಡೋದೇ ಹಾಗೆ ಅಲ್ವಾ. ತುರ್ತು ಪಟ್ಟಿ ಮಾತ್ರ ಹಳೆ ಪುಟ್ಯಾನನ್ನೇ ಹಿಡಕೊಂಡು ಕೂತಿತ್ತು. ನನ್ನ ದೊಡ್ಡ ಸಿಟ್ಟು ಇದೇ. ಸ್ಟೋರೇಜ್ ತುಂಬಿದೆ ಅಂತ ದಿನಾ ಕಾಡೋ ಫೋನು, ಈ ನಂಬರ್ ಇನ್ನೂ ಸರಿ ಇದೆಯಾ ಅಂತ ಮೂರು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ.

ಈಗ ಹೆಸರು ಬದಲಾಯಿಸಿದ್ದೇನೆ: ‘ಮಗ, ಕಲಬುರಗಿ’, ‘ಮಗಳು, ಬೀದರ್’. ಗುರುತಿಲ್ಲದವರಿಗೂ ಯಾರಿಗೆ ಮಾಡಬೇಕು ಅಂತ ತಿಳಿಯಬೇಕಲ್ಲ. ಪವರ್ ಬಟನ್ ಬೇಗ ಬೇಗ ಐದು ಸಲ ಒತ್ತಿದರೆ ಶುರುವಾಗೋ ಎಸ್‌ಒಎಸ್ ಕೂಡ ಸೆಟ್ ಮಾಡಿದೆ. ಅದು 112ಕ್ಕೆ ಕರೆ ಮಾಡಿ ಮನೆಯವರಿಗೆ ಲೊಕೇಶನ್ ಕಳಿಸುತ್ತೆ. 112ಕ್ಕೆ ಬ್ಯಾಲೆನ್ಸ್ ಬೇಕಿಲ್ಲ, ಆದರೆ ಲೊಕೇಶನ್ ನಮಗೆ ಮುಟ್ಟಬೇಕಂದ್ರೆ ರೀಚಾರ್ಜ್ ಇರಬೇಕು, ಅಪ್ಪ ಅದನ್ನೂ ಮುಗಿದು ನಾಲ್ಕು ದಿನಕ್ಕೆ ಮಾಡಿಸೋರು. ಇನ್ನೊಂದು ತೊಂದರೆ, ಬಿಗಿ ಜೇಬಿನಲ್ಲಿ ಬಟನ್ ತಾನೇ ಒತ್ತಿ ಬಸ್ಸಿನಲ್ಲಿ ಒಮ್ಮೆ ಸೈರನ್ ಹೊಡಕೊಂಡಿತು. ಕೌಂಟ್‌ಡೌನ್ ಇದ್ದಿದ್ದಕ್ಕೆ ಬಚಾವ್.

ಐದಕ್ಕೆ ಮೂರೂವರೆ ಕೊಡ್ತೀನಿ. ಅರ್ಧ ಕಡಿಮೆಯಾಗಿದ್ದು ಫೋನಿನ ತಪ್ಪಿಗೆ, ಉಳಿದ ಒಂದು ನನ್ನ ತಪ್ಪಿಗೆ.

ಹೋದ ವಾರ ಅಪ್ಪನ ಜೊತೆ ಆ ಬಂಡಿಗೆ ಹೋಗಿದ್ದೆ. ಹಾಲಿಗೆ ದುಡ್ಡು ತಗೊಳ್ಳಲಿಲ್ಲ, ತನ್ನ ಫೋನ್ ಮುಂದೆ ಹಿಡಿದ. “ನಂದೂ ತುಂಬಿ ಕೊಡ್ರಿ.” ಹೆಂಡತಿ ನಂಬರ್ ಹೇಳಪ್ಪ ಅಂದೆ. ಸ್ವಲ್ಪ ಹೊತ್ತು ಸ್ಕ್ರೀನ್ ಉಜ್ಜಿ ಹೇಳಿದ, “ಎರಡು ಅದಾವ್ರಿ. ಚಾಲೂ ಇರೋದು ಯಾವ್ದು ಅಂತ ಕೇಳ್ಬೇಕು.”