ಪೆಡಲ್ ಜೀಪ್ ತಗೊಳ್ಳೋರು ಹಿಂದಿನ ಚಕ್ರದ ಕ್ಯಾಪ್ ಬಿಚ್ಚಿಸಿ ನೋಡಿ. ನಾನು ನೋಡಲಿಲ್ಲ

6,800 ರೂಪಾಯಿ. ಬಾಳಿಕೆ ಬಂದದ್ದು ಒಂಬತ್ತು ದಿನ. ಮೊದಲು ಇಷ್ಟು ಬರೆದುಬಿಡ್ತೀನಿ, ಉಳಿದದ್ದನ್ನ ಓದೋಕೆ ಪುರುಸೊತ್ತಿಲ್ಲದವರಿಗೆ ಇಷ್ಟೇ ಸಾಕು.

ಬ್ಯಾಟರಿ ಗಾಡಿ ಅಲ್ಲ. ಮಕ್ಕಳು ಕೂತು ತುಳಿಯೋ, ಚೈನ್ ಇರೋ, ನಾಲ್ಕು ಚಕ್ರದ ಪೆಡಲ್ ಜೀಪ್. ಮಗುವಿಗೆ ನಾಲ್ಕೂವರೆ ವರ್ಷ, ತೂಕ 17 ಕೆಜಿ. ಹತ್ತನೇ ದಿನ ಬೆಳಿಗ್ಗೆ ಪೆಡಲ್ ತಿರುಗ್ತಿದೆ, ಚೈನ್ ತಿರುಗ್ತಿದೆ, ಹಿಂದಿನ ಆಕ್ಸಲ್ಲೂ (ಚಕ್ರ ಕೂರೋ ಕಂಬಿ) ತಿರುಗ್ತಿದೆ, ಗಾಡಿ ಮಾತ್ರ ನಿಂತಲ್ಲೇ ನಿಂತಿದೆ. ಮಗು ಇನ್ನೂ ಜೋರಾಗಿ ತುಳಿಯುತ್ತೆ ಪಾಪ, ತನ್ನ ಕಾಲಲ್ಲೇ ಶಕ್ತಿ ಸಾಲದು ಅಂದ್ಕೊಂಡು.

ನಾಚಿಕೆಯ ವಿಷಯ ಅಂದ್ರೆ ಸೈಕಲ್ ಪೂರ್ತಿ ಬಿಚ್ಚಿ ಗ್ರೀಸ್ ಹಾಕಿ ಜೋಡಿಸೋದು ಗೊತ್ತಿರೋನು ನಾನು. ಅಂಗಡಿಯಲ್ಲಿ ನೋಡಬೇಕಾದ್ದೆಲ್ಲ ನೋಡಿದ್ದೆ. ಮ್ಯಾಗ್ನೆಟ್ ಇಟ್ಟು ನೋಡಿದೆ, ಚಾಸಿ, ಅಂದ್ರೆ ಗಾಡಿಯ ಚೌಕಟ್ಟು, ಕಬ್ಬಿಣದ್ದೇ. ವೆಲ್ಡಿಂಗ್ ಪೈಪಿನ ಸುತ್ತ ಪೂರ್ತಿ ಬಂದಿತ್ತು, ನಾಲ್ಕು ಕಡೆ ಚುಕ್ಕೆ ಇಟ್ಟು ಬಿಟ್ಟಿರಲಿಲ್ಲ. ಪೈಪಿನ ತುದಿಯ ಪ್ಲಾಸ್ಟಿಕ್ ಬಿರಡೆ ಕಿತ್ತು ದಪ್ಪ ನೋಡಿದೆ, ಹತ್ತಿರ ಹತ್ತಿರ ಒಂದೂವರೆ ಮಿ.ಮೀ. ಪೆಡಲ್ ಕೂರೋ ಜಾಗದಲ್ಲಿ ಬಾಲ್ ಬೇರಿಂಗ್. ಹಿಂಬದಿ ಎತ್ತಿದರೆ ಖಾಲಿ ಗ್ಯಾಸ್ ಸಿಲಿಂಡರ್ ಎತ್ತಿದ ಹಾಗಿತ್ತು. ಇದು ಗಟ್ಟಿ ಮಾಲು ಅಂತ ನಾನೇ ಹೇಳಿದೆ, ಅಂಗಡಿಯವನ ಎದುರಿಗೇ ಹೇಳಿದೆ. ಅವನು ನಕ್ಕ.

ನಾನು ನೋಡಿದ್ದು ಡಿಸ್ಪ್ಲೇ ಪೀಸ್.

"ಡಿಸ್ಪ್ಲೇದು ಬೇಡ ಸಾರ್, ಮಕ್ಕಳೆಲ್ಲ ಹತ್ತಿ ಇಳಿದು ಗೀರಾಗಿರುತ್ತೆ. ನಿಮಗೆ ಸೀಲ್ ಇರೋ ಫ್ರೆಶ್ ಪೀಸೇ ಕೊಡ್ತೀನಿ." ಈ ಮಾತು ಕೇಳಿ ಏನೋ ಉಪಕಾರ ಮಾಡಿದ ಅನಿಸಿತು. ಅದೇ ಬಣ್ಣ, ಅದೇ ಹೆಸರು, ಡಬ್ಬದ ಮೇಲೆ ಅದೇ ಚಿತ್ರ. ಮಾಡೆಲ್ ನಂಬರಿನ ಕೊನೆಗೆ ಒಂದೇ ಒಂದು ಅಕ್ಷರ ಹೆಚ್ಚಿಗೆ ಇತ್ತು. ಡಬ್ಬದ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ನೆಟ್ ತೂಕ 9.6 ಕೆಜಿ ಅಂತಲೂ ಅಚ್ಚಾಗಿತ್ತು. ಖಾಲಿ ಸಿಲಿಂಡರಿನಷ್ಟು ಭಾರ ಇದ್ದದ್ದು 9.6 ಹೇಗಾಗುತ್ತೆ ಅಂತ ಆ ಹೊತ್ತಿಗೆ ಹೊಳೀಲಿಲ್ಲ. ಅಲ್ಲೇ ಇತ್ತು, ಕಣ್ಣೆದುರಿಗೇ ಇತ್ತು.

ಮನೆಗೆ ಫಿಟಿಂಗ್ ಹುಡುಗ ಬಂದ, ಅದಕ್ಕೆ ಬೇರೆ 200. ಇಪ್ಪತ್ತು ನಿಮಿಷದಲ್ಲಿ ಜೋಡಿಸಿ, ಚಕ್ರಕ್ಕೆ ಕ್ಯಾಪ್ ಬಡಿದು ಹೋದ. ಕ್ಯಾಪ್ ಬಡಿದ ಮೇಲೆ ಒಳಗೇನಿದೆ ಅಂತ ಹೊರಗಿಂದ ಗೊತ್ತಾಗಲ್ಲ. ಎರಡೂ ಪೀಸು ಹೊರಗಿಂದ ಅವಳಿ ಜವಳಿ.

ಗಾಡಿ ನಿಂತ ಮೇಲೆ ಸ್ಕ್ರೂ ಡ್ರೈವರಿನಿಂದ ಆ ಕ್ಯಾಪ್ ಎಬ್ಬಿಸಿದೆ. ಆಕ್ಸಲಿನ ತುದಿ ಆರು ಮೂಲೆಯದು, 14 ಮಿ.ಮೀ. ಅದು ಕೂರೋದು ಚಕ್ರದ ಪ್ಲಾಸ್ಟಿಕ್‌ನಲ್ಲೇ ಅಚ್ಚು ಹಾಕಿದ ಆರು ಮೂಲೆಯ ತೂತಿನಲ್ಲಿ. ನಡುವೆ ಕಬ್ಬಿಣದ ಒಂದು ಚೂರೂ ಇಲ್ಲ. ಆ ತೂತು ಈಗ ಗುಂಡಗಾಗಿತ್ತು, ಒಳಗೆಲ್ಲ ಬೂದಿ ಹಾಗೆ ಪ್ಲಾಸ್ಟಿಕ್ ಪುಡಿ.

ಅಂಗಡಿಗೆ ವಾಪಸ್ ಹೋಗಿ, ಅವನು ಬೇಡ ಬೇಡ ಅಂತಿದ್ದರೂ ಡಿಸ್ಪ್ಲೇ ಪೀಸಿನ ಕ್ಯಾಪ್ ತೆಗೆದೆ. ಅದರಲ್ಲಿ ಕಬ್ಬಿಣದ ಫ್ಲ್ಯಾಂಜ್ ಇದೆ, ಅಂದ್ರೆ ಆಕ್ಸಲನ್ನ ಹಿಡಿಯೋ ಬಿಲ್ಲೆ, ನಾಲ್ಕು ಬೋಲ್ಟಿನಲ್ಲಿ ಚಕ್ರಕ್ಕೆ ಬಿಗಿದಿದ್ದಾರೆ. ಮೈಯೆಲ್ಲ ಉರಿದುಹೋಯಿತು. ಮೋಸ ಅಂತ ಗೊತ್ತಾದ ಸಿಟ್ಟಿಗಿಂತ, ಇದೇ ಗಾಡಿಯನ್ನ ತಲೆಕೆಳಗು ಮಾಡಿ ನೋಡಿ ಶಭಾಷ್ ಅಂದವನು ನಾನೇ ಅನ್ನೋ ಸಿಟ್ಟು.

ಇದು ಯಾಕೆ ಇಷ್ಟು ಬೇಗ ಹೋಗುತ್ತೆ ಅನ್ನೋದು ಸುಲಭದ ಲೆಕ್ಕ. ಈ ಗಾಡಿಗಳಲ್ಲಿ ಹಿಂದಿನ ಎರಡು ಚಕ್ರದಲ್ಲಿ ಒಂದಕ್ಕೆ ಮಾತ್ರ ಡ್ರೈವ್, ಇನ್ನೊಂದು ತನ್ನಷ್ಟಕ್ಕೆ ತಿರುಗುತ್ತೆ, ತಿರುವಿನಲ್ಲಿ ಉಜ್ಜದಿರಲಿ ಅಂತ. ಅದು ತಪ್ಪಲ್ಲ, ಒಳ್ಳೆ ಗಾಡಿಯಲ್ಲೂ ಹಾಗೇ ಇರುತ್ತೆ. ಆದರೆ ತುಳಿದ ಬಲ ಪೂರ್ತಿ ಒಂದೇ ಚಕ್ರದ ನಡುವಿನ ತೂತಿಗೆ ಬಂತು. ಚಕ್ರದ ಅಗಲ 28 ಸೆಂ.ಮೀ., ಅಂದ್ರೆ ನಡುವಿನಿಂದ ಅಂಚಿಗೆ 140 ಮಿ.ಮೀ. ಆಕ್ಸಲಿನ ನಡುವಿನಿಂದ ಅದರ ಅಂಚಿಗೆ 7 ಮಿ.ಮೀ. ಇಪ್ಪತ್ತು ಪಟ್ಟು. ಇಳಿಜಾರು ಹತ್ತುವಾಗ ನೆಲದ ಹತ್ತಿರ ಬರೀ 3 ಕೆಜಿಯಷ್ಟು ಬಲ ಬೇಕಾದರೂ ತೂತಿನ ಅಂಚಿಗೆ 60 ಕೆಜಿ ಬೀಳುತ್ತೆ. ಬೀಳೋದು ಪ್ಲಾಸ್ಟಿಕ್ ಮೂಲೆಗಳ ಮೇಲೆ. ಮೊದಲು ಕೂದಲೆಳೆಯಷ್ಟು ಸಡಿಲ ಆಗುತ್ತೆ, ಆಮೇಲೆ ಪ್ರತಿ ಸಲ ಹೊರಡುವಾಗ ಟಕ್ ಅನ್ನುತ್ತೆ, ಟಕ್ ಟಕ್ ಅಂತ ಸುತ್ತಿಗೆ ಹೊಡೆದ ಹಾಗೆ ತಿಂದುಕೊಂಡೇ ಹೋಗುತ್ತೆ. ನಾಲ್ಕನೇ ದಿನದಿಂದಲೇ ಆ ಟಕ್ ಕೇಳ್ತಿತ್ತು. ಚೈನ್ ಸಡಿಲ ಇರಬೇಕು ಅಂದ್ಕೊಂಡೆ.

ಅದೇ ಫ್ಲ್ಯಾಂಜ್ ಇದ್ದು, ಬೋಲ್ಟುಗಳು ನಡುವಿನಿಂದ 35 ಮಿ.ಮೀ. ದೂರ ಇದ್ದಿದ್ರೆ ಆ 60 ಕೆಜಿ 12ಕ್ಕೆ ಇಳೀತಿತ್ತು, ನಾಲ್ಕು ಬೋಲ್ಟಿಗೆ ಹಂಚಿದರೆ ಒಂದೊಂದಕ್ಕೆ 3. ಅಷ್ಟೇ ವ್ಯತ್ಯಾಸ. ನೂರಿನ್ನೂರು ರೂಪಾಯಿಯ ಕಬ್ಬಿಣ ಉಳಿಸೋಕೆ ಹೋಗಿ 6,800ರ ಗಾಡಿ ಗುಜರಿಗೆ.

ಇನ್ನು ಅಂಗಡಿಯವನ ಉತ್ತರಗಳು. ಒಂದೊಂದನ್ನೂ ಬರೀಲೇಬೇಕು.

ಮೊದಲ ದಿನ: "ಮಗು ವೆಯ್ಟ್ ಎಷ್ಟು ಸಾರ್?" 17 ಕೆಜಿ ಅಂದೆ. "ಡಬ್ಬದ ಮೇಲೆ 50 ಕೆಜಿ ಕೆಪ್ಯಾಸಿಟಿ ಇದೆ ನೋಡಿ ಸಾರ್, ಹಾಗಾದ್ರೆ ತೂಕದಿಂದ ಆಗಿದ್ದಲ್ಲ ಇದು, ರಫ್ ಆಗಿ ಓಡಿಸಿದ್ದಾರೆ." ನಾನು ಹಾಕಬೇಕಾದ ವಾದವನ್ನ ಅವನೇ ಹಾಕಿ ನನಗೇ ತಿರುಗಿಸಿದ!

ಎರಡನೇ ದಿನ: "ಟೈಲ್ಸ್ ಮೇಲೆ ಮಾತ್ರ ಓಡಿಸಬೇಕು ಸಾರ್, ಸಿಮೆಂಟ್ ರೋಡಲ್ಲಿ ಓಡಿಸಿದ್ರೆ ಕಂಪನಿ ಒಪ್ಪಲ್ಲ." ಡಬ್ಬದ ಮೇಲಿನ ಚಿತ್ರದಲ್ಲಿ ಆ ಜೀಪ್ ಮಣ್ಣು ಹಾರಿಸ್ಕೊಂಡು ಗುಡ್ಡ ಹತ್ತುತ್ತಿದೆ.

ಮೂರನೇ ದಿನ: "ಫೆವಿಕ್ವಿಕ್ ಹಾಕಿ ಒಂದು ರಾತ್ರಿ ಬಿಡಿ ಸಾರ್." ಇಂಥ ಟೊಳ್ಳು ಚಕ್ರಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಇಲ್ಲ ಅದರ ಅಣ್ಣ ಪಾಲಿಎಥಿಲೀನ್. ಅವಕ್ಕೆ ಮಾಮೂಲಿ ಗಮ್ಮು ಸರಿಯಾಗಿ ಹಿಡಿಯಲ್ಲ, ಅದು ಆ ಪ್ಲಾಸ್ಟಿಕ್ಕಿನ ಗುಣ. ಯಾರಾದರೂ ಅಂಟಿಸಿ ಅಂತ ಹೇಳಿದರೆ ಅವರಿಗೆ ಗೊತ್ತಿಲ್ಲ, ಇಲ್ಲ ನಿಮ್ಮನ್ನ ಸಾಗಹಾಕ್ತಿದ್ದಾರೆ.

ನಾಲ್ಕನೇ ದಿನ ವಾರಂಟಿ ಕಾರ್ಡ್ ಹಿಡ್ಕೊಂಡು ಹೋದೆ. ಅದರಲ್ಲಿ ಅಚ್ಚಾಗಿರೋದು: ಮೋಟಾರಿಗೆ ಮತ್ತು ಚಾರ್ಜರಿಗೆ 3 ತಿಂಗಳು. ಪೆಡಲ್ ಗಾಡಿ ರೀ ಅದು! ಮೋಟಾರ್ ಎಲ್ಲಿದೆ? "ಹೌದು ಸಾರ್, ಮೋಟಾರ್ ಇಲ್ಲ, ಅದಕ್ಕೇ ವಾರಂಟಿನೂ ಬರಲ್ಲ." ನಗಬೇಕೋ ಅಳಬೇಕೋ. ಈ ಒಂದು ಉತ್ತರವನ್ನ ನಾನು ಸಾಯೋವರೆಗೂ ಮರೆಯಲ್ಲ.

ಕೊನೆಗೆ, "ನೀವೇ ಕ್ಯಾಪ್ ಬಿಚ್ಚಿದೀರಲ್ಲ ಸಾರ್, ಇನ್ನು ನಮ್ಮ ಜವಾಬ್ದಾರಿ ಇಲ್ಲ." ಬಿಲ್ಲಿನ ಕೆಳಗೆ ಬೆರಳಿಟ್ಟು ತೋರಿಸಿದ, ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ.

ಆ ಸಾಲನ್ನ ನೋಡಿ ಸುಮ್ಮನಾಗಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರೋ ಮಾಲನ್ನ ವಾಪಸ್ ತಗೊಂಡು ದುಡ್ಡು ಕೊಡೋಕೆ ನಿರಾಕರಿಸೋದೇ ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ 30 ದಿನ ಅಂತ ಲೆಕ್ಕ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ನನ್ನ ತೊಡಕೇನಂದ್ರೆ ಬಿಲ್ಲಿನಲ್ಲಿ "ಟಾಯ್ಸ್ 1" ಅಂತ ಅಷ್ಟೇ ಬರೆದಿದ್ದಾನೆ. ಯಾವ ಮಾಡೆಲ್ ತೋರಿಸಿದ, ಯಾವುದು ಕೊಟ್ಟ ಅನ್ನೋದಕ್ಕೆ ಕಾಗದ ಇಲ್ಲ. ಮಾಡೆಲ್ ನಂಬರ್ ಕೊನೆಯ ಅಕ್ಷರದವರೆಗೂ ಬಿಲ್ಲಿನಲ್ಲಿ ಬರೆಸಿ. ಡಿಸ್ಪ್ಲೇ ಪೀಸಿನ ಹೊಟ್ಟೆ ಕೆಳಗಿನ ಫೋಟೊ ತೆಗೆದಿಟ್ಟುಕೊಳ್ಳಿ.

ಐಎಸ್‌ಐ ವಿಷಯಕ್ಕೂ ಒಂದು ಮಾತು. 2021ರ ಜನವರಿ 1ರಿಂದ 14 ವರ್ಷದ ಒಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ, ಪೆಡಲ್ ಗಾಡಿಗೂ ಸೇರಿ. ನನ್ನ ಡಬ್ಬದ ಮೇಲೆ "ಐಎಸ್ 9873ಕ್ಕೆ ಅನುಗುಣವಾಗಿದೆ" ಅಂತ ದಪ್ಪಕ್ಷರದಲ್ಲಿ ಇತ್ತು (ಅದು ಆಟಿಕೆಗಳ ಸುರಕ್ಷತೆಯ ಭಾರತೀಯ ಮಾನದಂಡ), ನೋಡಿ ಸಮಾಧಾನಪಟ್ಟೆ. ಆ ಬರಹ ಗುರುತಲ್ಲ, ಬರೀ ವಾಕ್ಯ! ಅಸಲಿ ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರಬೇಕು. ಅದನ್ನ ಐಎಸ್‌ಐ ಗುರುತು ಕೊಡೋ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕಾರ್ಖಾನೆ, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಬರುತ್ತೆ. ಅಂಗಡಿಯಲ್ಲೇ ನಿಂತು ಹಾಕಿ ನೋಡಿ, ಎರಡು ನಿಮಿಷ.

ಆದರೆ ಗುರುತು ಇದ್ದರೂ 50 ಕೆಜಿ ಅನ್ನೋದನ್ನ ನೋಡಿ ಬಾಳಿಕೆ ಅಂದ್ಕೋಬೇಡಿ. ಆ ಮಾನದಂಡದ ಭಾರದ ಪರೀಕ್ಷೆಯಲ್ಲಿ ಸೀಟಿನ ಮೇಲೆ ತೂಕ ಇಟ್ಟು ನೋಡ್ತಾರೆ. ಚಾಸಿ ಮುರಿಯುತ್ತಾ ಇಲ್ಲವಾ ಅಂತ ಅದು ಹೇಳುತ್ತೆ. ಆರು ತಿಂಗಳು ತುಳಿದರೆ ಚಕ್ರದ ತೂತು ಏನಾಗುತ್ತೆ ಅಂತ ಹೇಳಲ್ಲ.

ನನಗೆ ಕೊಟ್ಟ ಪೀಸಿನ ಪೈಪೂ ಬೇರೆಯೇ ಇತ್ತು, ಆಮೇಲೆ ನೋಡಿದೆ. 25 ಮಿ.ಮೀ. ಪೈಪು ಒಂದೂವರೆ ಮಿ.ಮೀ. ದಪ್ಪ ಇದ್ದರೆ ಮೀಟರಿಗೆ ಸುಮಾರು 870 ಗ್ರಾಂ, 0.8 ಇದ್ದರೆ 480 ಗ್ರಾಂ ತೂಗುತ್ತೆ. ನನಗೆ ಸಿಕ್ಕಿದ್ದು ಎರಡನೇದು. ತೆಳು ಪೈಪಿನ ಚಾಸಿ ತುಳಿದಾಗೆಲ್ಲ ಬಳುಕುತ್ತೆ, ಬಳುಕಿದರೆ ಚೈನ್ ಬೀಳುತ್ತೆ. ಅದಕ್ಕೇ ತೂಕ ಕೇಳಿ, ಡಬ್ಬದ ಮೇಲಿನ ತೂಕ ಓದಿ, ಡಿಸ್ಪ್ಲೇ ಪೀಸು, ಕೊಡೋ ಪೀಸು ಎರಡನ್ನೂ ಎತ್ತಿ ನೋಡಿ. ಚೈನ್ ಬಿಗಿ ಮಾಡೋಕೆ ಉದ್ದ ತೂತು ಬಿಟ್ಟಿದ್ದಾರಾ, ಚೈನಿಗೆ ಪೂರ್ತಿ ಕವರ್ ಇದೆಯಾ, ಬೆರಳು ತೂರಲ್ಲ ತಾನೇ? ಫ್ರೀ ವೀಲ್ ಇರೋ ಗಾಡಿಯಾದರೆ ಬ್ರೇಕ್ ಇರಲೇಬೇಕು, ಪೆಡಲ್ ನಿಲ್ಲಿಸಿದರೂ ಗಾಡಿ ಓಡುತ್ತೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಒಂದು ಹಂತಕ್ಕೆ ತಡೆ ಬರಬೇಕು, ಬರದಿದ್ದರೆ ಮುಂದಿನ ಚಕ್ರ ಅಡ್ಡಡ್ಡ ಬಂದು ಗಾಡಿ ಮಗುಚುತ್ತೆ. ಮಗುವನ್ನ ಕೂರಿಸಿ, ಪೆಡಲ್ ಅತಿ ದೂರ ಇದ್ದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು, ಹತ್ತಿರ ಬಂದಾಗ ಸ್ಟೇರಿಂಗಿಗೆ ಬಡಿಯಬಾರದು. ಮಗು ಇಲ್ಲದೆ ಕೊಳ್ಳೋಕೆ ಹೋಗಲೇಬೇಡಿ, ಸರ್‌ಪ್ರೈಸ್ ಎಲ್ಲಾ ಬೇಡ.

ಎರಡು ಮೂರು ವರ್ಷದವರ ಮೂರು ಚಕ್ರದ ಸೈಕಲ್ಲಿಗೂ ಇದೇ ಕಾಯಿಲೆ. ಅದರಲ್ಲಿ ಪೆಡಲಿನ ಕಂಬಿ ಮುಂದಿನ ಚಕ್ರದ ನಡುವೆಯೇ ತೂರಿರುತ್ತೆ, ಕಂಬಿಯ ಕಿವಿ ಪ್ಲಾಸ್ಟಿಕ್ಕಿನಲ್ಲಿ ಕಚ್ಚಿಕೊಂಡಿರುತ್ತೆ. ಚಕ್ರವನ್ನ ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ಪೆಡಲ್ ಹಿಂದೆ ಮುಂದೆ ಆಡಿಸಿ. ಹೊಸ ಪೀಸಿನಲ್ಲೇ ಸಡಿಲ ಇದ್ದರೆ ಅಲ್ಲೇ ಬಿಟ್ಟು ಬನ್ನಿ.

ಈಗಾಗಲೇ ತಗೊಂಡು ಕೆಟ್ಟಿದ್ದರೆ ಎಸೀಬೇಡಿ. ಲೇತ್ ಅಂಗಡಿಯಲ್ಲಿ 3 ಮಿ.ಮೀ. ತಗಡಿನಿಂದ ಸುಮಾರು 90 ಮಿ.ಮೀ. ಅಗಲದ ಬಿಲ್ಲೆ ಕತ್ತರಿಸಿ, ನಡುವೆ ಬುಶ್ (ಆಕ್ಸಲ್ ತೂರೋ ಕೊಳವೆ) ವೆಲ್ಡ್ ಮಾಡಿಸಿದೆ. ಬುಶ್ ಮತ್ತು ಆಕ್ಸಲ್ ಎರಡನ್ನೂ ಸೇರಿಸಿ ಅಡ್ಡಲಾಗಿ 5 ಮಿ.ಮೀ. ತೂತು ಹೊಡೆದು ಪಿನ್ ಹಾಕಿದೆ. ಬಿಲ್ಲೆಯನ್ನ ಚಕ್ರಕ್ಕೆ 6 ಮಿ.ಮೀ.ನ ನಾಲ್ಕು ಬೋಲ್ಟ್, ಒಳಗಡೆ ಅಗಲದ ವಾಶರ್, ನೈಲಾನ್ ಇರೋ ಲಾಕ್ ನಟ್ಟು. ಟೊಳ್ಳು ಚಕ್ರ, ಜಾಸ್ತಿ ಬಿಗಿದರೆ ಒಳಗೆ ಕುಸಿಯುತ್ತೆ, ಹುಷಾರು. 650 ರೂಪಾಯಿ ಆಯಿತು. ಈಗ ಇಳಿಜಾರೂ ಹತ್ತುತ್ತೆ.

1915ರಲ್ಲಿ ದೂರು ದಾಖಲಾಗಿದೆ. ಅಂಗಡಿಯವನು ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ನಿನ್ನೆ ಆ ಕಡೆ ಹೋಗಿದ್ದೆ, ಡಿಸ್ಪ್ಲೇ ಪೀಸ್ ಇನ್ನೂ ಬಾಗಿಲಲ್ಲೇ ನಿಂತಿದೆ, ಹಬ್ಬದ ಆಫರ್ ಅಂತ ಚೀಟಿ ಅಂಟಿಸಿದ್ದಾರೆ. ನಾನು ಎಬ್ಬಿಸಿದ್ದ ಕ್ಯಾಪನ್ನ ಮತ್ತೆ ಬಡಿದು ಕೂರಿಸಿದ್ದಾರೆ.