ದಿನು ಲಿಪಾಟಿಯವರ ಕೊನೆಯ ಕಚೇರಿ: ಒಂದು ಧ್ವನಿಮುದ್ರಿಕೆಯ ವಿಮರ್ಶೆ

ರೊಮೇನಿಯಾದ ಪಿಯಾನೊ ವಾದಕ ದಿನು ಲಿಪಾಟಿಯವರು 1950ರ ಸೆಪ್ಟೆಂಬರ್ 16ರಂದು ಫ್ರಾನ್ಸಿನ ಬೆಸಾನ್ಸೋಂ ನಗರದ ಸಂಗೀತೋತ್ಸವದಲ್ಲಿ ನೀಡಿದ ಕಚೇರಿಯ ಧ್ವನಿಮುದ್ರಿಕೆಯನ್ನು ನಾನು ಹಲವು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಅದು ಅವರ ಕೊನೆಯ ಕಚೇರಿ. ಹಾಜ್‌ಕಿನ್ ಕಾಯಿಲೆಯಿಂದ (ದುಗ್ಧಗ್ರಂಥಿಗಳ ಕ್ಯಾನ್ಸರ್) ನರಳುತ್ತಿದ್ದ ಅವರು ಅದಾಗಿ ಸರಿಯಾಗಿ ಹನ್ನೊಂದು ವಾರಗಳಿಗೆ, ಡಿಸೆಂಬರ್ 2ರಂದು, ಜಿನೀವಾದಲ್ಲಿ ತೀರಿಕೊಂಡರು; ಆಗ ಅವರಿಗೆ ಕೇವಲ 33 ವರ್ಷ. ಈ ಸಂಗತಿಯನ್ನು ಮೊದಲೇ ತಿಳಿದುಕೊಂಡು ಕೇಳಲು ಕೂತವರಿಗೆ ಪ್ರತಿಯೊಂದು ಸ್ವರದಲ್ಲೂ ಸಾವಿನ ನೆರಳು ಕಾಣುವುದು ಸಹಜ, ಮತ್ತು ಈ ಮುದ್ರಿಕೆಯನ್ನು ಹೊಗಳುವವರಲ್ಲಿ ಹೆಚ್ಚಿನವರು ಆ ನೆರಳನ್ನೇ ಹೊಗಳುತ್ತಾರೆ. ನಾನೂ ಮೊದಮೊದಲು ಹಾಗೆಯೇ ಕೇಳಿದೆ. ಆದರೆ ಕೇಳುತ್ತಾ ಹೋದಂತೆ ನನಗೆ ಮನವರಿಕೆಯಾದದ್ದು ಬೇರೆಯೇ: ಇಲ್ಲಿ ಕೇಳಿಸುವುದು ಅಳಲಲ್ಲ, ಕೈಗೆಲಸ. ದೇಹ ಸೋತ ಹೊತ್ತಿನಲ್ಲೂ ಕೈ ತಾನು ಕಲಿತದ್ದನ್ನು ಬಿಟ್ಟುಕೊಡದೆ ನಿಂತ ಬಗೆಗೆ ಇದಕ್ಕಿಂತ ದೊಡ್ಡ ದಾಖಲೆಯನ್ನು ನಾನು ಕೇಳಿಲ್ಲ.

ಆ ಕಲಿಕೆ ಎಂಥದ್ದೆಂದು ಸ್ವಲ್ಪ ಹೇಳಬೇಕು. ಬುಕಾರೆಸ್ಟಿನಲ್ಲಿ 1917ರಲ್ಲಿ ಹುಟ್ಟಿದ ಲಿಪಾಟಿಯವರ ತಂದೆ ಪಿಟೀಲು ವಾದಕರು, ತಾಯಿ ಪಿಯಾನೊ ವಾದಕಿ. ಖ್ಯಾತ ಸಂಯೋಜಕ ಜಾರ್ಜ್ ಎನೆಸ್ಕು ಲಿಪಾಟಿಯವರಿಗೆ ಧರ್ಮಪಿತ. ವಿಯೆನ್ನಾದಲ್ಲಿ 1933ರಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅವರಿಗೆ ಎರಡನೆಯ ಬಹುಮಾನ ಬಂದಾಗ, ಮೊದಲನೆಯದು ಅವರಿಗೇ ಸಲ್ಲಬೇಕಿತ್ತೆಂದು ಫ್ರಾನ್ಸಿನ ಪಿಯಾನೊ ವಾದಕ ಆಲ್ಫ್ರೆಡ್ ಕೋರ್ತೊ ತೀರ್ಪುಗಾರರ ಮಂಡಳಿಗೆ ರಾಜೀನಾಮೆ ಕೊಟ್ಟು ಹೊರಬಂದರು. ಮುಂದೆ ಲಿಪಾಟಿಯವರು ಪ್ಯಾರಿಸ್ಸಿಗೆ ಹೋಗಿ ಅದೇ ಕೋರ್ತೊ ಅವರಲ್ಲಿ ಪಿಯಾನೊವನ್ನೂ, ಪಾಲ್ ದ್ಯೂಕಾ ಮತ್ತು ನಾದಿಯಾ ಬೂಲಾಂಜೆ ಅವರಲ್ಲಿ ಸಂಯೋಜನೆಯನ್ನೂ ಕಲಿತರು. ಯುದ್ಧದ ನಡುವೆ, 1943ರಲ್ಲಿ, ರೊಮೇನಿಯಾವನ್ನು ಬಿಟ್ಟು ಜಿನೀವಾ ಸೇರಿ, ಅಲ್ಲಿನ ಸಂಗೀತ ಶಾಲೆಯಲ್ಲಿ ಪಾಠ ಹೇಳತೊಡಗಿದರು. ಒಂದು ಕೃತಿಯನ್ನು ವೇದಿಕೆಗೆ ತರುವ ಮೊದಲು ಅದರ ಜೊತೆಗೆ ಬಹುಕಾಲ ಬಾಳುವ ಸ್ವಭಾವ ಅವರದು. ಹಾಗಾಗಿ, ಆಯುಸ್ಸೂ ಕಡಿಮೆಯಾದ್ದರಿಂದ, ಅವರು ಬಿಟ್ಟುಹೋದ ಧ್ವನಿಮುದ್ರಣಗಳು ಬಹಳ ಸ್ವಲ್ಪ. ಅವುಗಳಲ್ಲಿ ಇದೊಂದು, ಸುಮಾರು ಒಂದೂಕಾಲು ಗಂಟೆಯದು.

ಆ ದಿನ ವೈದ್ಯರು ಬೇಡವೆಂದರೂ ಅವರು ವೇದಿಕೆಗೆ ಬಂದರು. ಆಯ್ದುಕೊಂಡ ಕಾರ್ಯಕ್ರಮವೋ ಆರೋಗ್ಯವಂತರನ್ನೂ ದಣಿಸುವಂಥದ್ದು: ಬಾಖ್‌ನ ಬಿ ಫ್ಲಾಟ್ ಮೇಜರ್ ಶ್ರುತಿಯ ಪಾರ್ಟಿಟಾ (ನೃತ್ಯಗತಿಗಳ ಮಾಲೆ), ಮೊಜಾರ್ಟ್‌ನ ಎ ಮೈನರ್ ಸೊನಾಟಾ (ಹಲವು ಭಾಗಗಳ ವಾದ್ಯಕೃತಿ), ಶೂಬರ್ಟ್‌ನ ಎರಡು ಇಂಪ್ರಾಮ್ಟುಗಳು (ಚಿಕ್ಕ ಬಿಡಿ ಕೃತಿಗಳು), ಕೊನೆಯಲ್ಲಿ ಶೋಪಾನ್‌ನ ಹದಿನಾಲ್ಕು ವಾಲ್ಟ್ಸ್‌ಗಳು (ಮೂರೆಣಿಕೆಯ ನೃತ್ಯಲಯದ ಕೃತಿಗಳು).

ಮುದ್ರಿಕೆಯ ಮೊದಲ ಕ್ಷಣಗಳಲ್ಲಿ ಬಾಖ್ ಇನ್ನೂ ಶುರುವಾಗಿರುವುದಿಲ್ಲ. ಲಿಪಾಟಿಯವರು ಪಾರ್ಟಿಟಾದ ಶ್ರುತಿಯಲ್ಲೇ ಕೆಲವು ಸ್ವರಗಳನ್ನು ಕೆಳಗಿನಿಂದ ಮೇಲಕ್ಕೆ ಬಿಡಿಸಿ ನುಡಿಸುತ್ತಾರೆ. ಹಳೆಯ ಕಾಲದ ವಾದಕರಿಗೆ ಇದು ರೂಢಿಯಾಗಿತ್ತು. ವಾದ್ಯದ ತೂಕವನ್ನು ಬೆರಳಿಗೆ ಪರಿಚಯಿಸಿಕೊಳ್ಳುವುದಕ್ಕೂ, ಸಭಿಕರ ಕಿವಿಯನ್ನು ಹದಗೊಳಿಸುವುದಕ್ಕೂ ಅದು ನೆರವಾಗುತ್ತಿತ್ತು. ನನಗೆ ಈ ಕೆಲವು ಕ್ಷಣಗಳು ಇಡೀ ಮುದ್ರಿಕೆಯಲ್ಲೇ ಅತಿ ಆಪ್ತವಾದವು. ಅನಂತರ ಬರುವ, ಪಾರ್ಟಿಟಾದ ಮೊದಲ ಭಾಗವಾದ ಪ್ರೆಲ್ಯೂಡಿನಲ್ಲಿ ಎರಡು ಕೈಗಳೂ ಬೇರೆಬೇರೆ ಕಂಠಗಳಂತೆ ಮಾತಾಡಿಕೊಳ್ಳುತ್ತವೆ; ಒಂದರ ವಾಕ್ಯ ಮುಗಿಯುವ ಮುನ್ನವೇ ಇನ್ನೊಂದು ಎತ್ತಿಕೊಂಡರೂ ಯಾವುದೂ ಯಾವುದನ್ನೂ ಮುಚ್ಚುವುದಿಲ್ಲ. ಜೀಗ್ ಎಂಬ ಚುರುಕು ನೃತ್ಯದ ಕೊನೆಯ ಭಾಗದಲ್ಲಿ ಒಂದು ಕೈ ಇನ್ನೊಂದನ್ನು ದಾಟಿ ದಾಟಿ ಜಿಗಿಯಬೇಕು. ಅಲ್ಲಿ ಪ್ರದರ್ಶನದ ಆಸೆಗೆ ಬಿದ್ದು ಓಡುವವರೇ ಹೆಚ್ಚು. ಲಿಪಾಟಿಯವರ ನಡೆ ಚುರುಕಾಗಿದ್ದರೂ ಲಯ ಎಲ್ಲಿಯೂ ಅದುರುವುದಿಲ್ಲ, ಕೈ ಜಿಗಿದ ಸದ್ದು ಕೇಳಿಸುವುದೇ ಇಲ್ಲ. ಎರಡು ತುದಿಗಳಲ್ಲಿ ಎರಡು ದೀಪಗಳು ತಾವಾಗಿಯೇ ಹೊತ್ತಿಕೊಂಡಂತೆ ಸ್ವರಗಳು ಬೆಳಗುತ್ತವೆ.

ಮೊಜಾರ್ಟ್ 1778ರಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ, ತಾಯಿಯನ್ನು ಕಳೆದುಕೊಂಡ ವರ್ಷದಲ್ಲಿ, ಬರೆದ ಸೊನಾಟಾ ಅದು. ಎಡಗೈ ಒಂದೇ ಸಮನೆ ಬಡಿಯುವ ಸ್ವರಗುಚ್ಛಗಳ ಮೇಲೆ ಬಲಗೈಯ ರಾಗ ಸಾಗುತ್ತದೆ. ಆ ಬಡಿತವನ್ನು ಡೋಲಾಗಿಸದೆ, ಮಂಕೂ ಮಾಡದೆ ಹಿಡಿದಿಡುವುದು ಕಷ್ಟ, ಮತ್ತು ಇಲ್ಲಿ ಅದು ಸಾಧ್ಯವಾಗಿದೆ. ನಡುವಿನ ನಿಧಾನಗತಿಯ ಭಾಗ ನನಗೆ ಇನ್ನಷ್ಟು ಬಿಚ್ಚಿಕೊಳ್ಳಬಹುದಿತ್ತು ಎನ್ನಿಸುತ್ತದೆ.

ಕೊಂಡವರು ಮೊದಲು ಕೇಳಬೇಕಾದದ್ದು ಶೂಬರ್ಟ್‌ನ ಜಿ ಫ್ಲಾಟ್ ಮೇಜರ್ ಇಂಪ್ರಾಮ್ಟು ಎಂಬುದು ನನ್ನ ಅಭಿಪ್ರಾಯ. ಆರು ಫ್ಲಾಟ್‌ಗಳಿರುವ, ಅಂದರೆ ಆರು ಸ್ವರಗಳನ್ನು ಅರ್ಧಸ್ವರ ಇಳಿಸಿದ, ಈ ಶ್ರುತಿಯಲ್ಲಿ ಕೈ ಬಹುಪಾಲು ಕಪ್ಪು ಕೀಗಳ ಮೇಲೆಯೇ ಮಲಗಿರುತ್ತದೆ. ಓದಲು ತೊಡಕೆಂದೋ ಏನೋ, 1857ರಲ್ಲಿ ಮೊದಲ ಬಾರಿಗೆ ಅಚ್ಚಾದಾಗ ಪ್ರಕಾಶಕರು ಇಡೀ ಕೃತಿಯನ್ನು ಜಿ ಮೇಜರ್‌ಗೆ ಏರಿಸಿಬಿಟ್ಟಿದ್ದರು. ಶೂಬರ್ಟ್ ಬದುಕಿದ್ದಿದ್ದರೆ ಒಪ್ಪುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಇದರ ನಿಜವಾದ ಪರೀಕ್ಷೆ ಬಲಗೈಯದು. ರಾಗವನ್ನು ಹಾಡಬೇಕಾದವು ಕೈಯಲ್ಲೇ ಅತಿ ದುರ್ಬಲವಾದ ಉಂಗುರಬೆರಳು ಮತ್ತು ಕಿರುಬೆರಳು. ಅದೇ ಕೈಯ ಬಲವಾದ ಬೆರಳುಗಳು ಕೆಳಗೆ ಎಡೆಬಿಡದೆ ಅಲೆಯಂತೆ ಏರಿಳಿಯುವ ಸ್ವರಗಳನ್ನು ನುಡಿಸುತ್ತಾ ತಮ್ಮ ಬಲವನ್ನು ಅಡಗಿಸಿಕೊಳ್ಳಬೇಕು. ಪಿಯಾನೊದ ಕೀ ಕೆಳಗಿಳಿಯುವ ಆಳ ಸುಮಾರು 10 ಮಿಲಿಮೀಟರ್ ಮಾತ್ರ. ಆ ಅಲ್ಪ ದೂರದಲ್ಲಿ ಬೆರಳು ಇಳಿದ ವೇಗವೇ ಸ್ವರದ ಗಟ್ಟಿತನವನ್ನು ತೀರ್ಮಾನಿಸುತ್ತದೆ, ಏಕೆಂದರೆ ಸುತ್ತಿಗೆಯು ತಂತಿಯನ್ನು ತಾಗುವುದಕ್ಕೆ ಸ್ವಲ್ಪ ಮುಂಚೆಯೇ ಕೀಯ ಹಿಡಿತದಿಂದ ಬಿಡಿಸಿಕೊಂಡು ಹಾರುತ್ತದೆ. ಪಿಟೀಲು ವಾದಕರಂತೆ ಹುಟ್ಟಿದ ಸ್ವರವನ್ನು ಉಬ್ಬಿಸುವ ಅವಕಾಶ ಇಲ್ಲಿಲ್ಲ. ಹುಟ್ಟಿದ ಕ್ಷಣದಿಂದಲೇ ಪಿಯಾನೊದ ಸ್ವರ ಕರಗತೊಡಗುತ್ತದೆ. ಆದ್ದರಿಂದ ದೀರ್ಘವಾದ ರಾಗವನ್ನು ಉಸಿರು ಕಡಿಯದಂತೆ ಹಾಡಿಸಬೇಕಾದರೆ, ಹಿಂದಿನ ಸ್ವರ ಎಷ್ಟು ಕರಗಿದೆಯೋ ಅಷ್ಟನ್ನೇ ಅಳೆದು ಮುಂದಿನದನ್ನು ಅದರ ಪಕ್ಕಕ್ಕೆ ಇಡಬೇಕು. ಲಿಪಾಟಿಯವರ ಕೈಯಲ್ಲಿ ಈ ಅಳತೆ ಎಷ್ಟು ಸೂಕ್ಷ್ಮವಾಗಿದೆಯೆಂದರೆ, ಮೇಲಿನ ರಾಗ ತಂತಿಯ ಪೆಟ್ಟಿನಿಂದ ಹುಟ್ಟಿದ್ದೆಂಬುದೇ ಮರೆತುಹೋಗುತ್ತದೆ. ಮಂದ್ರದಲ್ಲಿ ಎಡಗೈ ಗುಡುಗುವಾಗಲೂ ಕಿರುಬೆರಳಿನ ದನಿ ಮುಳುಗುವುದಿಲ್ಲ. ಪಿಯಾನೊ ಕಲಿಯುವವರು ಈ ಕೆಲವು ನಿಮಿಷಗಳನ್ನು, ಕಣ್ಣ ಮುಂದೆ ಸ್ವರಲಿಪಿಯನ್ನಿಟ್ಟುಕೊಂಡು, ಮತ್ತೆ ಮತ್ತೆ ಕೇಳಬೇಕು. ಮಹಾನ್ ವಾದಕನೆಂದರೆ ವೇಗವಾಗಿ ನುಡಿಸುವವನೆಂಬ ತಿಳಿವಳಿಕೆಯೇನಾದರೂ ಇದ್ದರೆ ಅದು ಇಲ್ಲಿ ಸದ್ದಿಲ್ಲದೆ ಕಳಚಿ ಬೀಳುತ್ತದೆ.

ವಾಲ್ಟ್ಸ್‌ಗಳನ್ನು ಅವರು ಪ್ರಕಟಣೆಯ ಕ್ರಮದಲ್ಲಿ ನುಡಿಸದೆ, ಒಂದರ ಭಾವ ಇನ್ನೊಂದಕ್ಕೆ ದಾರಿ ಮಾಡಿಕೊಡುವಂತೆ ತಾವೇ ಹೊಂದಿಸಿಕೊಂಡ ಕ್ರಮದಲ್ಲಿ ನುಡಿಸಿದ್ದಾರೆ. ಎಡಗೈಯಲ್ಲೇ ರಾಗ ಶುರುವಾಗುವ ಎ ಮೈನರ್ ವಾಲ್ಟ್ಸ್‌ನಲ್ಲಿ ಅವರು ವಿಷಾದವನ್ನು ಎಳೆದಾಡುವುದಿಲ್ಲ. ಅದು ಹೇಳುವಷ್ಟನ್ನು ಹೇಳಲು ಬಿಟ್ಟು ಸುಮ್ಮನಾಗುತ್ತಾರೆ. ವೇಗದ ವಾಲ್ಟ್ಸ್‌ಗಳಲ್ಲಿ ಅಲ್ಲೊಂದು ಇಲ್ಲೊಂದು ಸ್ವರ ತಪ್ಪಿದೆ, ಒಂದೆರಡು ಕಡೆ ಅವಸರವೂ ಕಾಣುತ್ತದೆ. ಇವನ್ನು ನಾನು ಕ್ಷಮಿಸುತ್ತೇನೆಂದು ಹೇಳುವುದೂ ಉದ್ಧಟತನವಾದೀತು. ಹದಿಮೂರು ವಾಲ್ಟ್ಸ್‌ಗಳನ್ನು ನುಡಿಸಿದ ಮೇಲೆ ಅವರಲ್ಲಿ ಹದಿನಾಲ್ಕನೆಯದಕ್ಕೆ ಶಕ್ತಿ ಉಳಿದಿರಲಿಲ್ಲ. ಎ ಫ್ಲಾಟ್ ಮೇಜರ್‌ನ ಆ ವಾಲ್ಟ್ಸ್‌ನ ಬದಲಿಗೆ, ಬಾಖ್‌ನ ಭಕ್ತಿಗೀತೆಯೊಂದನ್ನು ಇಂಗ್ಲೆಂಡಿನ ವಾದಕಿ ಮೈರಾ ಹೆಸ್ ಪಿಯಾನೊಗೆ ಅಳವಡಿಸಿದ್ದ ರೂಪದಲ್ಲಿ ನುಡಿಸಿ ಅವರು ಕಚೇರಿ ಮುಗಿಸಿದರು. ಆ ಗೀತೆ ಈ ಮುದ್ರಿಕೆಯಲ್ಲಿಲ್ಲ.

ಶ್ರೇಷ್ಠ ವಾದಕರಿಗೂ ವೇದಿಕೆಗೂ ಇರುವ ನಂಟು ಒಂದೇ ತೆರನಾಗಿರುವುದಿಲ್ಲ. ವ್ಲಾಡಿಮಿರ್ ಹೊರೊವಿಟ್ಜ್ 1953ರಲ್ಲಿ ವೇದಿಕೆಯಿಂದ ಹಿಂದೆ ಸರಿದು ಹನ್ನೆರಡು ವರ್ಷ ಸಾರ್ವಜನಿಕ ಕಚೇರಿ ನೀಡಲಿಲ್ಲ. ಗ್ಲೆನ್ ಗೂಲ್ಡ್ 1964ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲೇ, ಕಚೇರಿಗಳನ್ನು ಶಾಶ್ವತವಾಗಿ ತೊರೆದು ಸ್ಟುಡಿಯೋದ ಏಕಾಂತವನ್ನು ಆರಿಸಿಕೊಂಡರು. ಅವರ ನಿರ್ಧಾರಗಳನ್ನು ನಾನು ಗೌರವಿಸುತ್ತೇನೆ. ಆದರೆ ಕೊಟ್ಟ ಮಾತಿಗಾಗಿ, ನಡೆಯಲೂ ತ್ರಾಣವಿಲ್ಲದ ಹೊತ್ತಿನಲ್ಲಿ, ಸಭಿಕರ ಮುಂದೆ ಬಂದು ಕೂತ ಲಿಪಾಟಿಯವರ ನಿರ್ಧಾರ ನನ್ನನ್ನು ಹೆಚ್ಚು ಕಲಕುತ್ತದೆ.

ಇನ್ನು ಧ್ವನಿಯ ಗುಣಮಟ್ಟದ ವಿಚಾರ. ರೇಡಿಯೋಗಾಗಿ ಮಾಡಿದ 1950ರ ಮೋನೊ (ಒಂದೇ ಧ್ವನಿವಾಹಿನಿಯ) ಮುದ್ರಣವಿದು. ಹಿನ್ನೆಲೆಯಲ್ಲಿ ಸಣ್ಣ ಮೊರೆತವಿದೆ, ಸಭಿಕರ ಕೆಮ್ಮಿದೆ, ಗಟ್ಟಿಯಾದ ಜಾಗಗಳಲ್ಲಿ ಪಿಯಾನೊದ ದನಿ ತುಸು ಒಡೆಯುತ್ತದೆ. ಕೊಳ್ಳುವಾಗ ಆವೃತ್ತಿಯನ್ನು ಗಮನಿಸುವುದು ಅಗತ್ಯ. ನಾನು ಮೊದಲು ಕೊಂಡಿದ್ದ ಅಗ್ಗದ ಆವೃತ್ತಿಯೊಂದರಲ್ಲಿ ಮೊರೆತವನ್ನು ತೆಗೆಯುವ ಭರದಲ್ಲಿ ತಾರಸ್ವರಗಳ ಹೊಳಪನ್ನೂ ತೆಗೆದುಬಿಟ್ಟಿದ್ದರು. ಸಾಲದೆಂಬಂತೆ ಚಪ್ಪಾಳೆಯನ್ನೂ, ಬಾಖ್‌ಗೆ ಮುಂಚಿನ ಆ ಬಿಡಿ ಸ್ವರಗಳನ್ನೂ ಕತ್ತರಿಸಿ ಹಾಕಿದ್ದರು. ಶೂಬರ್ಟ್ ಅಲ್ಲಿ ಕಂಬಳಿ ಹೊದಿಸಿದ ಪಿಯಾನೊದಿಂದ ಬಂದಂತಿತ್ತು. ಅದನ್ನು ಯಾರಿಗೂ ಕೊಡಲಾರೆ. ಮೊರೆತವನ್ನು ಉಳಿಸಿಕೊಂಡ ಆವೃತ್ತಿಯೇ ಲೇಸು. ಎರಡು ನಿಮಿಷದೊಳಗೆ ಕಿವಿ ಅದನ್ನು ಮರೆಯುತ್ತದೆ. ಮಾದರಿ ಕೇಳಲು ಅವಕಾಶವಿದ್ದರೆ ಶುರುವಿನ ಅರ್ಧ ನಿಮಿಷವನ್ನು ಕೇಳಿ ನೋಡಿ. ಬಿಡಿ ಸ್ವರಗಳು ಅಲ್ಲಿದ್ದರೆ ಸಂಪಾದಿಸಿದವರು ಕಚೇರಿಯನ್ನು ಕಚೇರಿಯಾಗಿ ಉಳಿಸಿದ್ದಾರೆಂದು ತಿಳಿಯಬಹುದು.

ಅದೇ ವರ್ಷದ ಜುಲೈಯಲ್ಲಿ, ಕಾರ್ಟಿಸೋನ್ ಚಿಕಿತ್ಸೆಯಿಂದ ಕೆಲವು ವಾರ ಚೇತರಿಕೆ ಕಂಡಾಗ, ನಿರ್ಮಾಪಕ ವಾಲ್ಟರ್ ಲೆಗ್ ಅವರ ಮೇಲ್ವಿಚಾರಣೆಯಲ್ಲಿ ಜಿನೀವಾದ ರೇಡಿಯೋ ಸ್ಟುಡಿಯೋದಲ್ಲಿ ಲಿಪಾಟಿಯವರು ಇದೇ ಪಾರ್ಟಿಟಾವನ್ನೂ, ಇದೇ ಸೊನಾಟಾವನ್ನೂ, ಹದಿನಾಲ್ಕೂ ವಾಲ್ಟ್ಸ್‌ಗಳನ್ನೂ ಮುದ್ರಿಸಿದ್ದರು. ಧ್ವನಿ ಅಲ್ಲಿ ಸ್ಪಷ್ಟವಾಗಿದೆ, ಬೆರಳು ತಪ್ಪಿಲ್ಲ. ಶೋಪಾನ್‌ನ ವಾಲ್ಟ್ಸ್‌ಗಳನ್ನು ಮೊದಲ ಬಾರಿಗೆ ಕೇಳಬಯಸುವವರಿಗೆ ನಾನು ಆ ಸ್ಟುಡಿಯೋ ಮುದ್ರಣವನ್ನೇ ಸೂಚಿಸುತ್ತೇನೆ. ಬೆಸಾನ್ಸೋಂನ ಮುದ್ರಿಕೆಯನ್ನು ಅನಂತರ ಕೊಳ್ಳಿ, ಆದರೆ ಖಂಡಿತ ಕೊಳ್ಳಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದಾಗ, ಎರಡು ತಿಂಗಳ ಅಂತರದಲ್ಲಿ ಕಾಯಿಲೆ ದೇಹವನ್ನು ಎಲ್ಲಿಗೆ ತಂದು ನಿಲ್ಲಿಸಿತ್ತೆಂಬುದು ಗೊತ್ತಿದ್ದೂ, ಶ್ರುತಿಬದ್ಧವಾದ ಆ ಸ್ಪರ್ಶದಲ್ಲಿ ವ್ಯತ್ಯಾಸವನ್ನು ಹುಡುಕಿ ನಾನು ಸೋತಿದ್ದೇನೆ. ವ್ಯತ್ಯಾಸವಿರುವುದು ಒಂದೇ ಕಡೆ: ಸ್ಟುಡಿಯೋದಲ್ಲಿ ಹದಿನಾಲ್ಕನೆಯ ವಾಲ್ಟ್ಸ್ ಇದೆ, ಬೆಸಾನ್ಸೋಂನಲ್ಲಿ ಹದಿಮೂರನೆಯದರ ನಂತರ ಚಪ್ಪಾಳೆ ಇದೆ.