ಅಪೊಮ್ಯಾಟಕ್ಸ್ ನೋಡಬೇಕೋ, ಬೆನೆಟ್ ಪ್ಲೇಸ್ ನೋಡಬೇಕೋ?

ಅಮೆರಿಕದ ಅಂತರ್ಯುದ್ಧ ಮುಗಿದ ಜಾಗ ಯಾವುದೆಂದು ಕೇಳಿದರೆ ಹೆಚ್ಚಿನವರು ಹೇಳುವುದು ವರ್ಜೀನಿಯಾದ ಅಪೊಮ್ಯಾಟಕ್ಸ್ ಕೋರ್ಟ್ ಹೌಸ್. 1865ರ ಏಪ್ರಿಲ್ 9ರಂದು ದಕ್ಷಿಣದ ಜನರಲ್ ಲೀ, ಉತ್ತರದ ಜನರಲ್ ಗ್ರಾಂಟ್‌ಗೆ ಶರಣಾದದ್ದು ಅಲ್ಲಿಯೇ. ಆದರೆ ಶರಣಾದದ್ದು ಲೀ ಅವರ ಒಂದು ಸೈನ್ಯ ಮಾತ್ರ. ಯುದ್ಧದ ಅತಿ ದೊಡ್ಡ ಶರಣಾಗತಿ ನಡೆದದ್ದು ಏಪ್ರಿಲ್ 26ರಂದು, ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ, ಜೇಮ್ಸ್ ಬೆನೆಟ್ ಎಂಬ ರೈತನ ಮನೆಯಲ್ಲಿ. ಎರಡನ್ನೂ ನೋಡಿದ್ದೇನೆ.

ಕಣ್ಣಿಗೆ ಹಬ್ಬ ಅಪೊಮ್ಯಾಟಕ್ಸೇ. ಅಲ್ಲಿ ಇಡೀ ಹಳ್ಳಿಯನ್ನು ಉಳಿಸಿಕೊಂಡಿದ್ದಾರೆ. ಆದರೆ ಒಪ್ಪಂದ ನಡೆದ ಮೆಕ್ಲೀನ್ ಮನೆ ಮರುನಿರ್ಮಾಣ: ವಾಷಿಂಗ್ಟನ್‌ನಲ್ಲಿ ಪ್ರದರ್ಶನಕ್ಕಿಡುತ್ತೇವೆಂದು 1893ರಲ್ಲಿ ಅದನ್ನು ಬಿಚ್ಚಿದರು, ಸಾಗಿಸಲೇ ಇಲ್ಲ. ಹಾಗಾಗಿ ನನಗೆ ಹೆಚ್ಚು ಹಿಡಿಸಿದ್ದು 1819ರ ಕ್ಲೋವರ್ ಹಿಲ್ ಟ್ಯಾವರ್ನ್. ಸೋತ ಸೈನಿಕರು ಮನೆಗೆ ಮರಳಲು ಬೇಕಿದ್ದ ಬಿಡುಗಡೆ ಪತ್ರಗಳು ಅಚ್ಚಾದದ್ದು ಅಲ್ಲಿ. ಮೆಕ್ಲೀನ್ ಮನೆಯ ಹಿತ್ತಲಿನಲ್ಲಿರುವ ಗುಲಾಮರ ವಸತಿಯನ್ನಂತೂ ನೋಡದೆ ಬರಬೇಡಿ. ಯುದ್ಧ ನಡೆದದ್ದೇ ಆ ಜನರ ಪ್ರಶ್ನೆಗಾಗಿ.

ಬೆನೆಟ್ ಪ್ಲೇಸ್ ಚಿಕ್ಕದು, ಬೇಗ ನೋಡಿ ಮುಗಿಯುತ್ತದೆ. ಮೂಲ ಮನೆ 1921ರಲ್ಲಿ ಸುಟ್ಟುಹೋಯಿತು. ಉಳಿದದ್ದು ಕಲ್ಲಿನ ಚಿಮಣಿ; ಈಗ ಕಾಣುವುದು ಮರುನಿರ್ಮಿಸಿದ ಮನೆ. ಆದರೂ ನನ್ನ ಮನಸ್ಸು ನಿಂತದ್ದು ಇಲ್ಲಿಯೇ. ಅಧ್ಯಕ್ಷ ಲಿಂಕನ್ ಹತ್ಯೆಯ ಸುದ್ದಿ ತಂದ ತಂತಿಯನ್ನು ಉತ್ತರದ ಜನರಲ್ ಶರ್ಮನ್ ಏಪ್ರಿಲ್ 17ರಂದು ಎದುರಾಳಿ, ದಕ್ಷಿಣದ ಜನರಲ್ ಜಾನ್‌ಸ್ಟನ್ ಕೈಗೆ ಕೊಟ್ಟದ್ದು ಈ ಮನೆಯಲ್ಲಿ. ಸೇಡಿಗೆ ಅದಕ್ಕಿಂತ ದೊಡ್ಡ ನೆಪ ಬೇಕಿರಲಿಲ್ಲ, ಆದರೂ ಮಾತುಕತೆ ಮುರಿಯಲಿಲ್ಲ. ಮರುದಿನ ಸಹಿಯಾದ ಉದಾರ ಕರಾರನ್ನು ವಾಷಿಂಗ್ಟನ್ ತಳ್ಳಿಹಾಕಿತು. ದಕ್ಷಿಣದ ಅಧ್ಯಕ್ಷ ಡೇವಿಸ್ ಹೋರಾಟ ಮುಂದುವರಿಯಲಿ ಎಂದರು. ಜಾನ್‌ಸ್ಟನ್ ಆ ಮಾತು ಮೀರಿ ಏಪ್ರಿಲ್ 26ರಂದು ಹೊಸ ಕರಾರಿಗೆ ಸಹಿ ಹಾಕಿದರು; ಎರಡೂ ಕೆರೊಲಿನಾ, ಜಾರ್ಜಿಯಾ, ಫ್ಲಾರಿಡಾಗಳಲ್ಲಿದ್ದ ಸುಮಾರು 90,000 ಸೈನಿಕರ ಯುದ್ಧ ಅಲ್ಲಿಗೆ ಮುಗಿಯಿತು. ಅಪೊಮ್ಯಾಟಕ್ಸ್‌ನಲ್ಲಿ ಲೀ ಸೈನ್ಯಕ್ಕೆ ತಪ್ಪಿಸಿಕೊಳ್ಳುವ ದಾರಿಯೇ ಉಳಿದಿರಲಿಲ್ಲ. ಇಲ್ಲಿ ಹೋರಾಟ ಎಳೆಯುವ ಅವಕಾಶವಿದ್ದೂ ಒಬ್ಬ ಸೇನಾಪತಿ ಬೇಡವೆಂದ. ಆ ನಿರ್ಧಾರದ ಬೆಲೆ ನನಗೆ ಗೊತ್ತಾದದ್ದು ಆ ಪುಟ್ಟ ಕೋಣೆಯಲ್ಲಿ ನಿಂತಾಗ.

ಮಕ್ಕಳೊಂದಿಗೆ ಇಡೀ ದಿನ ಕಳೆಯಬೇಕೆಂದರೆ ಅಪೊಮ್ಯಾಟಕ್ಸ್ ಸರಿ. ಒಂದನ್ನೇ ನೋಡಲು ಸಾಧ್ಯವೆಂದರೆ ನಾನು ಬೆನೆಟ್ ಪ್ಲೇಸ್‌ಗೇ ಕಳುಹಿಸುತ್ತೇನೆ. ಡರ್ಹಮ್‌ಗೆ ಹತ್ತಿರದ ಊರುಗಳಾದ ಕ್ಯಾರಿ, ಮಾರಿಸ್‌ವಿಲ್ ಕಡೆಯ ಕನ್ನಡ ಕುಟುಂಬಗಳಿಗಂತೂ ಅದು ಮನೆಯ ಪಕ್ಕದಲ್ಲೇ ಇದೆ.